ರೆಕ್ಕೆಯ ಲೆಕ್ಕ



ಬಾಲಗಾಂವದಲ್ಲಿ ಹೊತ್ತು ಮುಳುಗುವ ಮೊದಲೇ ಅಂಗಡಿಯಿಂದ ಎದ್ದು ಊಟಕ್ಕೆ ಹೋಗುವುದು ನಮ್ಮ ರೂಢಿ. ಅದೇ ಹೊತ್ತಿಗೆ ಪಕ್ಕದ ಓಣಿಯ ಜವಾರಿ ಕೋಳಿಗಳೂ ಮೇಯುವುದನ್ನು ನಿಲ್ಲಿಸಿ ಬೇವಿನ ಮರದ ಕೆಳಗೆ ಸೇರುತ್ತವೆ. ಒಂದು ಹೇಂಟೆ ಕತ್ತು ಚಾಚಿ ಅಳೆದು ನೋಡುತ್ತದೆ. ಪಟಪಟನೆ ರೆಕ್ಕೆ ಬಡಿದು ಮಾಳಿಗೆಯ ಅಂಚಿಗೆ, ಅಲ್ಲಿಂದ ಟೊಂಗೆಗೆ ಹಾರುತ್ತದೆ. ಕತ್ತಲಲ್ಲಿ ಅದಕ್ಕೆ ಕಣ್ಣು ಮಂದ. ರಾತ್ರಿ ಏನನ್ನೂ ತಿನ್ನುವುದಿಲ್ಲ. ಇಷ್ಟರ ಮಟ್ಟಿಗೆ ಅದೂ ನಮ್ಮ ಹಾಗೆಯೇ ಎಂದು ಮನೆಯಲ್ಲಿ ನಗುವುದುಂಟು.

ಕೋಳಿಗೆ ಹಾರಲು ಬರುವುದೇ ಎಂದು ಮಕ್ಕಳು ಕೇಳುತ್ತಾರೆ. ಬರುತ್ತದೆ. ಊರ ಕೋಳಿಯ ಮೂಲ ಕೆಂಪು ಕಾಡುಕೋಳಿ. ನಮ್ಮ ಸಹ್ಯಾದ್ರಿಯ ಬೂದು ಕಾಡುಕೋಳಿಯ ಅಂಶವೂ ಅದರಲ್ಲಿದೆ. ಹಳದಿ ಚರ್ಮದ ಗುಣ ಬಂದದ್ದು ಅದರಿಂದ ಎಂದು 2008ರಲ್ಲಿ ವಿಜ್ಞಾನಿಗಳು ತೋರಿಸಿದರು. ಕಾಡುಕೋಳಿ ಹಗಲೆಲ್ಲ ನೆಲದ ಮೇಲೆ ಕೆದರುತ್ತದೆ. ಅಪಾಯ ಬಂದಾಗ ಮತ್ತು ರಾತ್ರಿ ತಂಗಲು ಮಾತ್ರ ಮರಕ್ಕೆ ಹಾರುತ್ತದೆ. ಅದರ ಎದೆಯ ಸ್ನಾಯು ಬಿಳಿಯದು. ಥಟ್ಟನೆ ಬಲ ಕೊಡುತ್ತದೆ, ಕೈಗಡದ ಹಣದಂತೆ ಬೇಗ ತೀರುತ್ತದೆ. ಪಾರಿವಾಳದ ಎದೆಯ ಸ್ನಾಯು ಕೆಂಪು. ಅದು ಬಹುದೂರ ಹಾರಬಲ್ಲದು. ಕೋಳಿಯ ಹಾರಾಟ ದೂರ ಹೋಗಲಿಕ್ಕಲ್ಲ, ಜೀವ ಉಳಿಸಿಕೊಳ್ಳಲಿಕ್ಕೆ.

ಇದನ್ನು ಬರೆಯಲು ಕಾರಣವಿದೆ. ಊರ ಹೊರಗಿನ ನಮ್ಮ ಹೊಲದಲ್ಲಿ ಬ್ರಾಯ್ಲರ್ ಶೆಡ್ ಹಾಕಲು ಒಬ್ಬರು ಲಾವಣಿ ಕೇಳಿದರು. ಜತ್ತ ತಾಲೂಕಿನ ಮಳೆ ಎಲ್ಲರಿಗೂ ಗೊತ್ತು. ಬೆಳೆ ಕೈಗೆ ಹತ್ತದ ನೆಲಕ್ಕೆ ತಿಂಗಳು ತಿಂಗಳು ಹಣ! “ಸಾಕುವವರು ಅವರು, ಕೊಲ್ಲುವವರು ಬೇರೆ, ನಮ್ಮದು ಬರೀ ನೆಲ” ಎಂದು ಮನೆಯಲ್ಲಿ ಮಾತು ನಡೆಯಿತು. ಒಪ್ಪಿಗೆ ಕೊಡುವ ಮೊದಲು ಅಂಥದೊಂದು ಶೆಡ್ ನೋಡಿ ಬಂದೆವು.

ಅಲ್ಲಿ ರಾತ್ರಿಯೂ ದೀಪ ಉರಿಯುತ್ತಿತ್ತು, ಕೋಳಿಗಳು ತಿನ್ನುತ್ತಲೇ ಇರಲೆಂದು. ರಾತ್ರಿ ತಿನ್ನದ ಜೀವಿಗೆ ರಾತ್ರಿಯೇ ಇಲ್ಲದಂತಾಗಿತ್ತು. ರೆಕ್ಕೆಯನ್ನು ಯಾರೂ ಕತ್ತರಿಸಿರಲಿಲ್ಲ. ಆದರೂ ಒಂದೂ ಹಾರಲಾರದು. ಕೆಲವು ನಾಲ್ಕು ಹೆಜ್ಜೆ ಇಟ್ಟು ಕುಳಿತುಬಿಡುತ್ತಿದ್ದವು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957ರ ತಳಿಯನ್ನೂ 2005ರ ತಳಿಯನ್ನೂ ಒಂದೇ ಮೇವಿನಲ್ಲಿ ಸಾಕಿ 56ನೆಯ ದಿನ ತೂಗಿದರು. ಫಲ 2014ರಲ್ಲಿ ಪ್ರಕಟವಾಯಿತು. ಹಳೆಯದು ಸುಮಾರು 900 ಗ್ರಾಂ, ಹೊಸದು 4 ಕಿಲೋ 200 ಗ್ರಾಂ. ಅದೇ ವಯಸ್ಸು, ನಾಲ್ಕು ಪಟ್ಟಿಗೂ ಮೀರಿದ ತೂಕ.

ತತ್ತ್ವಾರ್ಥಸೂತ್ರದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಅತಿಭಾರವೆಂದರೆ ಎತ್ತಿನ ಬಂಡಿಗೆ ಹೆಚ್ಚು ಚೀಲ ಹೇರುವುದು ಎಂದೇ ನಾವು ಇಷ್ಟು ದಿನ ತಿಳಿದಿದ್ದೆವು. ಬಂಡಿಯ ಭಾರವನ್ನು ಸಂಜೆಗೆ ಇಳಿಸಬಹುದು. ಜೀವಿಯ ಮೈಯನ್ನೇ ಅದಕ್ಕೆ ಹೊರೆಯಾಗಿ ಮಾಡಿದರೆ ಇಳಿಸುವವರು ಯಾರು?

ಜನ್ನ ಕವಿ 1209ರಲ್ಲಿ ರಚಿಸಿದ ಯಶೋಧರ ಚರಿತೆಯನ್ನು ಹಿರಿಯರಿಂದ ಕೇಳಿದ್ದೇವೆ. ಯಶೋಧರ ರಾಜ ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಆದರೂ ಸಂಕಲ್ಪದ ದೋಷದಿಂದ ತಾಯಿ-ಮಗ ಹಲವು ಪ್ರಾಣಿಜನ್ಮ ತಳೆದು, ಕೊನೆಗೆ ತಾವೇ ಕೋಳಿಗಳಾಗಿ ಬಾಣಕ್ಕೆ ಸತ್ತರು. ಹಿಟ್ಟಿನ ಕೋಳಿಗೇ ಅಷ್ಟು ಲೆಕ್ಕವಿದ್ದರೆ, “ನಮ್ಮದು ಬರೀ ನೆಲ” ಎಂಬ ಮಾತು ಯಾವ ಖಾತೆಯಲ್ಲಿ ನಿಂತೀತು?

ಲಾವಣಿ ಕೊಡಲಿಲ್ಲ. ಶೆಡ್ ಬೇರೆಯವರ ಹೊಲದಲ್ಲಿ ಎದ್ದಿತು, ಲೋಕ ನಿಲ್ಲಲಿಲ್ಲ. ನಮ್ಮ ಅಂಗಡಿಯ ಗೋವಿನಜೋಳದ ಚೀಲಗಳೂ ಅಲ್ಲಿಗೆ ಹೋಗುತ್ತಿದ್ದವೆಂದು ಆಮೇಲೆ ತಿಳಿಯಿತು. ಆ ಗಿರಾಕಿಯನ್ನು ಬಿಡುವುದು ಹೊಲ ಬಿಟ್ಟದ್ದಕ್ಕಿಂತ ಕಷ್ಟವಾಯಿತು, ಅಣ್ಣ-ತಮ್ಮಂದಿರಲ್ಲಿ ಮಾತು ಬೆಳೆಯಿತು. ಕಡೆಗೆ ಬಿಟ್ಟೆವು. ಆ ವರ್ಷದ ದೀಪಾವಳಿಯ ಲೆಕ್ಕದಲ್ಲಿ ಕೊರತೆ ಕಂಡಿತು, ಅದನ್ನು ಮುಚ್ಚಿಡುವುದಿಲ್ಲ.

ವ್ಯಾಪಾರಿ ಬಂಧುಗಳು ತಮ್ಮ ಮಾಲು ಎಲ್ಲಿಗೆ ಹೋಗುತ್ತದೆಂದು ಒಮ್ಮೆ ವಿಚಾರಿಸಿ ನೋಡಿರಿ. ಮಕ್ಕಳನ್ನು ಸಂಜೆ ಅಂಗಳಕ್ಕೆ ಕರೆದು, ಕೋಳಿ ಮರವೇರುವುದನ್ನು ತೋರಿಸಿರಿ. ಹಾರುವುದನ್ನು ಕಣ್ಣಾರೆ ಕಂಡವರಿಗೆ ಕಳೆದುಕೊಂಡದ್ದೇನೆಂದು ಬೇರೆ ಹೇಳಬೇಕಾಗಿಲ್ಲ.