ಹೂವಿನ ಹಳದಿ ಬಣ್ಣ: ಮುತ್ತುಗಕ್ಕಿಂತ ಚೆಂಡುಹೂವು ಲೇಸು

ನೈಸರ್ಗಿಕ ಹಳದಿ ಬಣ್ಣವೆಂದೊಡನೆ ಖಾನಾಪುರದ ಮುತ್ತುಗದ ಹೂವೇ ನೆನಪಾಗುವುದು ಸಹಜ. ಹೋಳಿಯ ಓಕುಳಿಗೆ ಅದು ಹಿಂದಿನಿಂದಲೂ ಒದಗಿದೆ. ಆದರೆ ಓಕುಳಿಯ ಬಣ್ಣ ಮಾಸಿದರೆ ಯಾರೂ ದೂರುವುದಿಲ್ಲ. ಸೀರೆಯ ಬಣ್ಣ ಮಾಸಿದರೆ ಮಾಲು ಹಿಂದಿರುಗುತ್ತದೆ. ಮುತ್ತುಗದ ಹಳದಿ ಬಿಸಿಲಿಗೆ ಅಷ್ಟಾಗಿ ತಡೆಯದು. ಅಲ್ಲದೆ 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಕಿರು ಅರಣ್ಯ ಉತ್ಪನ್ನದ ಹಕ್ಕು ಅರಣ್ಯವಾಸಿಗಳದು. 2011ರಲ್ಲಿ ಘೋಷಿತವಾದ ಭೀಮಗಡ ವನ್ಯಜೀವಿಧಾಮದೊಳಗಿನ ಹೂವನ್ನು ನೆಚ್ಚಿ ಬಂಡವಾಳ ಹೂಡುವುದು ವಿವೇಕವಲ್ಲ.

ಹೊಲದಲ್ಲಿ ಬೆಳೆಯುವ ಚೆಂಡುಹೂವಿಗೆ ಈ ತೊಡಕಿಲ್ಲ. ಲೆಕ್ಕವನ್ನು ಮಾತ್ರ ಮೊದಲೇ ಹಾಕಬೇಕು. ಸುಮಾರು 10 ಕಿಲೋ ಹಸಿ ಹೂವು ಒಣಗಿ ಒಂದು ಕಿಲೋ ಆಸುಪಾಸಿಗೆ ಇಳಿಯುತ್ತದೆ. ಗಾಢ ಹಳದಿಗೆ ಬಟ್ಟೆಯ ತೂಕದ ಅರ್ಧದಿಂದ ಸಮತೂಕದವರೆಗೆ ಒಣ ದಳ ಬೇಕು. ಅಂದರೆ ಅರ್ಧ ಕಿಲೋ ತೂಕದ ಹತ್ತಿ ಸೀರೆಯೊಂದಕ್ಕೆ ಎರಡೂವರೆಯಿಂದ ಐದು ಕಿಲೋ ಹಸಿ ಹೂವು! ರಾಸಾಯನಿಕ ಬಣ್ಣವಾದರೆ ಕೆಲವೇ ಗ್ರಾಂ ಸಾಕು. ಹಬ್ಬದ ದರದಲ್ಲಿ ಹೂವು ಕೊಂಡವನಿಗೆ ಲಾಭ ಉಳಿಯದು. ದಸರಾ, ದೀಪಾವಳಿ ಮುಗಿದು ದರ ಕುಸಿದ ವಾರದಲ್ಲಿ ಖರೀದಿಸಿ, ನೆರಳಿನಲ್ಲಿ ಒಣಗಿಸಿ, ವರ್ಷವಿಡೀ ಬಳಸುವವನಿಗೆ ಮಾತ್ರ ಇದು ವ್ಯಾಪಾರ.

ಬಣ್ಣ ತೆಗೆಯುವ ಕ್ರಮ ಸರಳ. ದಳಗಳನ್ನು ನೀರಿನಲ್ಲಿ ಕಾಯಿಸಿ ಸೋಸಬೇಕು. ನೂಲಿಗೆ ಮೊದಲು ಅಳಲೆಕಾಯಿಯ ಕಷಾಯ, ಬಳಿಕ ಪಟಕದ ನೀರು ಕುಡಿಸಬೇಕು. ಕಬ್ಬಿಣದ ಕಡಾಯಿ ಕೂಡದು, ಹಳದಿ ಹೋಗಿ ಪಾಚಿಬಣ್ಣವಾದೀತು. ಬಣ್ಣ ಹಿಡಿಸಲು ಕ್ರೋಮಿಯಂ ಲವಣ ಬಳಸಿದರೆ ನೈಸರ್ಗಿಕವೆಂಬ ಹೆಸರಿಗೇ ಅರ್ಥವಿಲ್ಲ. ಕ್ಯಾನ್ಸರ್‌ಕಾರಕ ಅಮೈನುಗಳನ್ನು ಬಿಡುವ ಅಜೋ ಬಣ್ಣಗಳನ್ನು ಜರ್ಮನಿ 1994ರಲ್ಲಿ ನಿಷೇಧಿಸಿದಂದಿನಿಂದ ವಿದೇಶಿ ಗ್ರಾಹಕರು ಪರೀಕ್ಷಾ ವರದಿಯನ್ನು ಕೇಳುತ್ತಾರೆಯೇ ಹೊರತು ಹೂವಿನ ಚಿತ್ರವನ್ನಲ್ಲ.

ಶಹಾಪುರ, ವಡಗಾವಿಯ ನೇಕಾರರಿಗೆ ಬೇಕಾದುದು ಹೂವಿನ ಮೂಟೆಯಲ್ಲ. ಈ ತಿಂಗಳ ಹಳದಿಯೇ ಮುಂದಿನ ತಿಂಗಳೂ ಬರುವಂಥ ಪುಡಿ. ಪ್ರತಿ ನೇಕಾರನೂ ಮನೆಯಲ್ಲಿ ಹೂವು ಕುದಿಸುವುದರಿಂದ ಇದು ಸಾಧ್ಯವಾಗದು. ಖಾನಾಪುರದಲ್ಲಿ ಒಣಗಿಸುವ ಒಂದು ಚಪ್ಪರ, ಬೆಳಗಾವಿಯಲ್ಲಿ ಸಾರ ತೆಗೆಯುವ ಒಂದು ಸಾಮೂಹಿಕ ಘಟಕ, ಪ್ರತಿ ತಂಡದ ಪುಡಿಯಿಂದಲೂ ಅದ್ದಿ ತೆಗೆದ ಮಾದರಿ ಬಟ್ಟೆ, ಜೊತೆಗೆ ಬಿಸಿಲು ಹಾಗೂ ತೊಳೆತದ ಪರೀಕ್ಷೆ: ಇಷ್ಟಕ್ಕೆ ನಾಲ್ಕಾರು ಉದ್ಯಮಿಗಳು ಪಾಲು ಹಾಕಿದರೆ ಸಾಕು. ಮೊದಲ ವರ್ಷ ಒಂದೇ ಛಾಯೆ ಸಾಕು. ಪರದೆ, ಮೇಲುಹೊದಿಕೆಗಳಂತೆ ಸದಾ ಬಿಸಿಲಿಗೆ ಬೀಳುವ ಬಟ್ಟೆಗಳ ಬೇಡಿಕೆಯನ್ನು ಸದ್ಯಕ್ಕೆ ಒಪ್ಪಿಕೊಳ್ಳದಿರುವುದೇ ಮೇಲು.