ಹಾಲಿನ ತಲೆಗೆ ಕಟ್ಟಿದ ತಪ್ಪು

ಎಮ್ಮೆಗೆ ಆಕ್ಸಿಟೋಸಿನ್ ಚುಚ್ಚಿ ಹಿಂಡಿದ ಹಾಲು ಕುಡಿದೇ ಹುಡುಗಿಯರು ಬೇಗ ಮೈನೆರೆಯುತ್ತಿದ್ದಾರೆ ಎಂಬುದು ಕಳೆದ ಸಂಚಿಕೆಯ ಲೇಖನದ ವಾದ. ಆಕ್ಸಿಟೋಸಿನ್ ಅಂಡಾಶಯವನ್ನು ಎಬ್ಬಿಸುವ ಹಾರ್ಮೋನೇ ಅಲ್ಲ. 9 ಅಮೈನೋ ಆಮ್ಲಗಳ ಆ ಸರಪಳಿ ಹೊಟ್ಟೆ-ಕರುಳಿನಲ್ಲೇ ಜೀರ್ಣವಾಗುತ್ತದೆ. ಹುಟ್ಟುವಾಗಲೇ ಹೆಣ್ಣುಮಗುವಿನ ಅಂಡಾಶಯಗಳಲ್ಲಿ 10ರಿಂದ 20 ಲಕ್ಷ ಅಂಡಕೋಶಿಕೆಗಳಿರುತ್ತವೆ. ಅವುಗಳನ್ನು ಬೆಳೆಸಿ ಈಸ್ಟ್ರೋಜನ್ ಹೊರಡಿಸುವುದು ಪಿಟ್ಯುಟರಿ ಗ್ರಂಥಿಯ ಹಾರ್ಮೋನುಗಳಾದ ಎಫ್‌ಎಸ್‌ಎಚ್ ಮತ್ತು ಎಲ್‌ಎಚ್. ಎಳೆಯ ಅಂಡಾಶಯಕ್ಕೂ ಸ್ಪಂದಿಸುವ ಶಕ್ತಿ ಇದ್ದೇ ಇದೆ; ಮೆದುಳಿನ ಅಪ್ಪಣೆ ಬರಬೇಕಷ್ಟೆ. ಅದು ಅಕಾಲದಲ್ಲಿ ಬಂದಾಗ ವೈದ್ಯರು ಪಿಟ್ಯುಟರಿಯನ್ನು ಸುಮ್ಮನಾಗಿಸುವ ಇಂಜೆಕ್ಷನ್ ಕೊಡುತ್ತಾರೆ, ಹಾಲು ಬಿಡಿಸುವುದಿಲ್ಲ. ಬೇಗ ಮೈನೆರೆಯುವುದರ ಜೊತೆ ನಂಟಿರುವ ಬೊಜ್ಜಿನ ಬಗ್ಗೆ ಲೇಖಕರು ಚಕಾರವೆತ್ತಿಲ್ಲ! ಹಾಲಿಗಾಗಿ ಎಮ್ಮೆಗೆ ಹಾನಿಕರ ಸೂಜಿ ಚುಚ್ಚುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಅದನ್ನು ಆ ಹೆಸರಿನಲ್ಲೇ ಖಂಡಿಸಲಿ. ಪುರ್ತಗೇರಿಯ ತಾಯಂದಿರೇ, ಹಾಲು ನಿಲ್ಲಿಸಬೇಡಿ. 8 ತುಂಬುವ ಮುನ್ನವೇ ಮಗಳಿಗೆ ಎದೆ ಮೂಡಿದರೆ ಮಕ್ಕಳ ವೈದ್ಯರಿಗೆ ತೋರಿಸಿ.