ಕ್ಲಿನಿಕ್‌ನಲ್ಲೇ ಶುರುವಾಗಲಿ ಸಂಶೋಧನೆ

ಸಾವಿರ ವಯಸ್ಕರಲ್ಲಿ ತಿಂಗಳೊಂದರಲ್ಲಿ 750 ಮಂದಿಗೆ ಏನಾದರೊಂದು ಕಾಯಿಲೆ ಕಾಡುತ್ತದೆ. ವೈದ್ಯರ ಬಳಿ ಹೋಗುವವರು 250, ಆಸ್ಪತ್ರೆ ಸೇರುವವರು 9, ವೈದ್ಯಕೀಯ ಕಾಲೇಜಿನ ದೊಡ್ಡಾಸ್ಪತ್ರೆ ತಲುಪುವವರು ಒಬ್ಬರು ಮಾತ್ರ. ಅಮೆರಿಕ, ಬ್ರಿಟನ್‌ಗಳ ಅಂಕಿಅಂಶ ಆಧರಿಸಿ ಕೆರ್ ವೈಟ್ ಮತ್ತು ಸಂಗಡಿಗರು 1961ರಲ್ಲಿ ಪ್ರಕಟಿಸಿದ ಲೆಕ್ಕವಿದು. ನಮ್ಮಲ್ಲಿ ಅಂಕಿಗಳು ಬೇರೆ ಇರಬಹುದು, ಪರಿಸ್ಥಿತಿ ಬೇರೆಯಲ್ಲ. ಸಂಶೋಧನೆ ಹೆಚ್ಚಾಗಿ ನಡೆಯುವುದು ಆ ಒಬ್ಬರ ಸುತ್ತ. ಅದರಿಂದ ಹುಟ್ಟಿದ ಚಿಕಿತ್ಸೆಯನ್ನು ಉಳಿದವರಿಗೂ ಕೊಡುತ್ತೇವೆ.

ಆ ಉಳಿದವರನ್ನು ನೋಡುವವರು ಫ್ಯಾಮಿಲಿ ಡಾಕ್ಟರು. ಶುಗರ್ ಪತ್ತೆಯಾಗುವ ಮೊದಲಿನ ಸುಸ್ತು, ಇನ್ನೂ ಹೆಸರಿಡಲಾಗದ ಜ್ವರದ ಎರಡನೇ ದಿನ, ಅಪ್ಪನಿಗೆ ಬಂದ ವಯಸ್ಸಿಗೇ ಮಗನಿಗೂ ಏರಿದ ಬಿಪಿ ಕಾಣುವುದು ಅವರಿಗೇ. ತಜ್ಞರ ಬಳಿ ಬರುವಷ್ಟರಲ್ಲಿ ಕಾಯಿಲೆ ಬಲಿತಿರುತ್ತದೆ.

ಈ ಹತ್ತಿರದ ನೋಟದಿಂದ ಏನಾಗಬಹುದು ಎಂಬುದಕ್ಕೆ ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಹಳ್ಳಿ ವೈದ್ಯ ವಿಲಿಯಂ ಪಿಕಲ್ಸ್ ಸಾಕ್ಷಿ. 1929ರಲ್ಲಿ ಅವರ ಕಣಿವೆಯ ಊರುಗಳಲ್ಲಿ ಕಾಮಾಲೆ ಹಬ್ಬಿತು. ಅಡುಗೆಮನೆ ಕೆಲಸದ ಹುಡುಗಿಯೊಬ್ಬಳನ್ನು ಬೆಳಿಗ್ಗೆ ಅವರು ಹಾಸಿಗೆಯಲ್ಲೇ ನೋಡಿ ಬಂದಿದ್ದರು. ಮಧ್ಯಾಹ್ನ ಅವಳು ಎದ್ದು ಊರಿನ ಮೇಳಕ್ಕೆ ಹೋಗಿದ್ದಳು. ಅವಳಿಂದ ರೋಗ ಯಾರಿಗೆ ದಾಟಿತು, ಎಷ್ಟು ದಿನಕ್ಕೆ ಕಾಣಿಸಿಕೊಂಡಿತು ಎಂಬ ಜಾಡು ಹಿಡಿದು ಹೊರಟರು ಪಿಕಲ್ಸ್. ಯಾರು ಯಾರ ನೆಂಟರು, ಯಾವ ಮನೆಗೆ ಯಾರು ಬಂದು ಹೋದರು ಎಂಬುದೆಲ್ಲ ಅವರಿಗೆ ಗೊತ್ತಿತ್ತು. ಸೋಂಕು ತಗುಲಿ ರೋಗಲಕ್ಷಣ ಕಾಣಲು ನಾಲ್ಕೈದು ವಾರ ಬೇಕೆಂದು ಅವರು ಲೆಕ್ಕಹಾಕಿದ್ದು ಪ್ರಯೋಗಾಲಯದಲ್ಲಲ್ಲ, ತಾರೀಖು ಹಾಕಿ ಬರೆದಿಟ್ಟ ಪಟ್ಟಿಗಳಿಂದ. ಹಳ್ಳಿ ವೈದ್ಯವೃತ್ತಿಯಲ್ಲಿ ಸಾಂಕ್ರಾಮಿಕ ರೋಗಗಳ ಅಧ್ಯಯನ ಕುರಿತು 1939ರಲ್ಲಿ ಅವರು ಬರೆದ ಪುಸ್ತಕವನ್ನು ತಜ್ಞರು ಇಂದಿಗೂ ಗೌರವದಿಂದ ನೆನೆಯುತ್ತಾರೆ.

ಅದು ಹಳೆಯ ಕಾಲದ ಮಾತು ಎನ್ನುವಂತಿಲ್ಲ. ಕೋವಿಡ್ ಬಂದಾಗ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ನಡೆಸಿದ ‘ಪ್ರಿನ್ಸಿಪಲ್’ ಪ್ರಯೋಗ ಮನೆಯಲ್ಲೇ ಇದ್ದ ರೋಗಿಗಳನ್ನು ಕುಟುಂಬ ವೈದ್ಯರ ಜಾಲದ ನೆರವಿನಿಂದ ತಲುಪಿತು. ಅಜಿತ್ರೊಮೈಸಿನ್, ಡಾಕ್ಸಿಸೈಕ್ಲಿನ್‌ನಿಂದ ಅವರಿಗೆ ಪ್ರಯೋಜನವಿಲ್ಲ ಎಂಬುದು 2021ರ ಆರಂಭದಲ್ಲೇ ಗೊತ್ತಾಯಿತು. ಅದೇ ಮಾತ್ರೆಗಳನ್ನು ನಾವೂ ಧಾರಾಳವಾಗಿ ನುಂಗಿದೆವು. ಯಾರು ಎಷ್ಟು ದಿನಕ್ಕೆ ಚೇತರಿಸಿಕೊಂಡರು ಎಂಬುದು ಆಯಾ ಡಾಕ್ಟರ ನೆನಪಿನಲ್ಲೇ ಉಳಿಯಿತು. ಆ ಅನುಭವ ಹೀಗೆ ಪೋಲಾದದ್ದು ನನ್ನ ದೃಷ್ಟಿಯಲ್ಲಿ ದೊಡ್ಡ ನಷ್ಟ.

ತಪ್ಪು ಡಾಕ್ಟರುಗಳದ್ದಲ್ಲ. ಹೊರಗೆ ಬೆಂಚಿನ ತುಂಬ ಟೋಕನ್ ಹಿಡಿದವರು ಕೂತಿರುವಾಗ ಒಬ್ಬರಿಗೆ ಸಿಗುವುದು ಕೆಲವೇ ನಿಮಿಷ. ಚೀಟಿ ಬರೆದು ಕೊಟ್ಟರೆ ರೋಗಿಯ ಜತೆ ದಾಖಲೆಯೂ ಹೊರಟುಹೋಯಿತು. ಬರೆದಿಡುವ ಕೆಲಸಕ್ಕೆ ಸಹಾಯಕರು ಬೇಕು, ಸಂಭಾವನೆ ಬೇಕು, ಪ್ರಕಟವಾಗುವ ಲೇಖನದಲ್ಲಿ ಡಾಕ್ಟರ ಹೆಸರೂ ಇರಬೇಕು. ಬರೀ ರೋಗಿಗಳನ್ನು ಕಳಿಸಿಕೊಡಿ ಎಂದರೆ ಅದು ಸಹಭಾಗಿತ್ವವಲ್ಲ.

ಒಂದು ಎಚ್ಚರಿಕೆಯೂ ಅಗತ್ಯ. ಕೈಗುಣ ನಂಬಿ ಬರುವವರು ಡಾಕ್ಟರು ಕೇಳಿದ್ದಕ್ಕೆ ಇಲ್ಲ ಎನ್ನಲಾರರು. ಹಾಗಾಗಿ ಸಮ್ಮತಿ ಕೇಳುವವರು ಬೇರೆಯವರಾಗಿರಬೇಕು, ‘ಬೇಡ’ ಎಂದರೂ ಚಿಕಿತ್ಸೆ ನಿಲ್ಲದೆಂದು ಕನ್ನಡದಲ್ಲಿ ಬಿಡಿಸಿ ಹೇಳಬೇಕು, ಔಷಧ ಕಂಪನಿಯಿಂದ ಡಾಕ್ಟರಿಗೆ ಹಣ ಬರುವುದಾದರೆ ಅದನ್ನು ರೋಗಿಗೆ ತಿಳಿಸಬೇಕು.

ಶುರು ಮಾಡಲು ಶಿವಮೊಗ್ಗ ಜಿಲ್ಲೆಗಿಂತ ಸೂಕ್ತ ಜಾಗ ಇಲ್ಲ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಅಲ್ಲಿನ ಕ್ಯಾಸನೂರು ಕಾಡಿನಲ್ಲಿ. ಈಗಲೂ ಬೇಸಿಗೆಯ ಹೊತ್ತಿಗೆ ಅದರ ಭಯ ಇದ್ದೇ ಇದೆ. ಸೊರಬ, ಸಾಗರ, ತೀರ್ಥಹಳ್ಳಿ ತಾಲ್ಲೂಕುಗಳ ಹತ್ತಿಪ್ಪತ್ತು ಕ್ಲಿನಿಕ್‌ಗಳು ಜ್ವರದ ಪ್ರತಿ ರೋಗಿಯ ಊರು, ಜ್ವರ ಬಂದ ದಿನ, ಕಾಡಿಗೆ ಹೋಗಿದ್ದರೇ ಎಂಬ ಮೂರನ್ನೇ ನವೆಂಬರ್‌ನಿಂದ ಮೇವರೆಗೆ ಬರೆದಿಡಲಿ. ಲೆಕ್ಕ ಹಾಕುವ ಹೊಣೆಯನ್ನು ಶಿವಮೊಗ್ಗದ ವೈದ್ಯಕೀಯ ಕಾಲೇಜು ಹೊರಲಿ, ಕಂಡದ್ದನ್ನು ವಾರ ವಾರವೂ ಅದೇ ಡಾಕ್ಟರುಗಳಿಗೆ ತಿಳಿಸಲಿ.